ಗೆರೆ ಎಳೆಯದ ಮೂರು ರೋಲು

ಪ್ಲಾಸ್ಟಿಕ್ಕಿಗೆ ಶಾಯಿ ಹಿಡಿಯುವುದಿಲ್ಲ. ಹನ್ನೊಂದು ವರ್ಷ ನನ್ನ ಮನೆಯ ಒಲೆ ಉರಿದದ್ದು ಈ ಒಂದು ಮಾತಿನ ಮೇಲೆ. ಅಂಗಡಿಯಲ್ಲಿ ಚಟ್ನಿಪುಡಿಯ ಪೊಟ್ಟಣ ಕೈಗೆತ್ತಿಕೊಳ್ಳುವವರಿಗೆ ಅದರ ಮೇಲಿನ ಕೆಂಪು ಮೆಣಸಿನಕಾಯಿ ಅಲ್ಲಿ ಹೇಗೆ ಅಂಟಿ ನಿಂತಿದೆ ಎಂಬ ಯೋಚನೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಅದು ಉದುರಿದಾಗ ಮಾತ್ರ ನಮ್ಮಂಥವರ ನೆನಪಾಗುತ್ತದೆ.

ನಮ್ಮಪ್ಪ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿದ್ದರು. ನಾನು ಬೆಳೆದದ್ದು ಕಾಗದನಗರದ ಕ್ವಾರ್ಟರ್ಸಿನಲ್ಲಿ. ನಾನು ಶಿವಮೊಗ್ಗದಲ್ಲಿ ಪ್ಲಾಸ್ಟಿಕ್ ಕವರ್ ಮುದ್ರಿಸುವ ಕಡೆ ಕೆಲಸಕ್ಕೆ ಸೇರಿದೆ ಅಂದಾಗ ಅಪ್ಪ ಒಂದು ದಿನ ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ. ಎರಡನೆಯ ದಿನ ಕಾಫಿ ಕುಡಿಯುತ್ತ, "ಕಾಗದ ಶಾಯಿ ಕುಡಿಯತ್ತೆ ಕಣೇ. ಪ್ಲಾಸ್ಟಿಕ್ ಉಗಿಯತ್ತೆ. ಅಂಥದ್ರ ಜೊತೆ ಏನು ಕೆಲಸ ನಿಂಗೆ?" ಅಂದರು. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಆ ಮಾತು ಮಾತ್ರ ಅಪ್ಪಟ ನಿಜ.

ಹಾಗೆ ಉಗಿಯುವ ಪ್ಲಾಸ್ಟಿಕ್ಕಿಗೆ ಬುದ್ಧಿ ಕಲಿಸಲು ಒಂದು ಯಂತ್ರವಿದೆ. ಒಂದು ಕಡೆ ಅಲ್ಯೂಮಿನಿಯಂ ಪಟ್ಟಿ, ಅದರೆದುರು ರಬ್ಬರು ಹೊದಿಸಿದ ರೋಲರು. ಎರಡರ ನಡುವೆ ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ತೆಳ್ಳನೆಯ ಫಿಲ್ಮು ಓಡುವಾಗ ಸಾವಿರಾರು ವೋಲ್ಟಿನ ಕರೆಂಟು ಗಾಳಿಯಲ್ಲೇ ಜಿಗಿಯುತ್ತದೆ. ಉದ್ದಕ್ಕೂ ನೇರಳೆ ಬಣ್ಣದ ಬೆಳಕು, ಬಾಣಲೆಯಲ್ಲಿ ಎಣ್ಣೆ ಚುರುಗುಟ್ಟುವಂಥ ಸದ್ದು, ಸಿಡಿಲು ಬಡಿದ ಮೇಲೆ ಉಳಿಯುವಂಥ ಒಂದು ವಾಸನೆ. ಅಷ್ಟು ಹೊಡೆತ ತಿಂದ ಮೇಲೆ ಫಿಲ್ಮಿನ ಮೈ ಬದಲಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯುವುದಿಲ್ಲ. ಶಾಯಿಗೆ ಮಾತ್ರ ತಿಳಿಯುತ್ತದೆ, ಹೋಗಿ ಕೂತುಬಿಡುತ್ತದೆ.

ಈ ಯಂತ್ರಕ್ಕೆ ಮೊದಲಿನಿಂದಲೂ ಕರೋನಾ ಎಂದೇ ಹೆಸರು. ಆ ಜ್ವರ ಬಂದ ವರ್ಷ ಬಸ್ಸಿನಲ್ಲಿ ಯಾರೋ "ಎಲ್ಲಿ ಕೆಲಸ?" ಅಂತ ಕೇಳಿದರು. ನಾನು ಬಾಯಿತಪ್ಪಿ "ಕರೋನಾ ಸೆಕ್ಷನ್ನಲ್ಲಿ" ಅಂದೆ. ಪಕ್ಕದ ಸೀಟು, ಹಿಂದಿನ ಸೀಟು, ಎರಡೂ ಖಾಲಿಯಾದವು. ಶಿವಮೊಗ್ಗದ ತನಕ ಕಾಲು ಚಾಚಿಕೊಂಡು ಹೋದೆ.

ಈ ಹೊಡೆತದ ಗುಣ ಶಾಶ್ವತವಲ್ಲ. ಗೋಡೌನಿನಲ್ಲಿ ರೋಲು ಬಿದ್ದಷ್ಟು ದಿನವೂ ಅದು ಇಳಿಯುತ್ತ ಹೋಗುತ್ತದೆ. ಅದಕ್ಕೇ ಮುದ್ರಣಕ್ಕೆ ಹಾಕುವ ಮುಂಚೆ ಪ್ರತಿ ರೋಲನ್ನೂ ಪರೀಕ್ಷೆ ಮಾಡಬೇಕು. ಪರೀಕ್ಷೆಗೊಂದು ನೀಲಿ ಪೆನ್ನು. ಫಿಲ್ಮಿನ ತುದಿಯಲ್ಲಿ ಒಂದು ಗೆರೆ ಎಳೆದು ಎರಡು ಉಸಿರು ಕಾಯಬೇಕು. ಗೆರೆ ಗೆರೆಯಾಗಿಯೇ ನಿಂತರೆ ರೋಲು ಪಾಸು. ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ಒಡೆದರೆ ಮತ್ತೊಮ್ಮೆ ಕರೋನಾಕ್ಕೆ. ಪಾಸಾದ ರೋಲಿನ ಒಳಗಿನ ರಟ್ಟಿನ ಕೊಳವೆಯಲ್ಲಿ ಒಂದು ಚೀಟಿ ಇಡಬೇಕು. ಚೀಟಿಯ ಮೇಲೆ ತಾರೀಕು ಮತ್ತು ಪರೀಕ್ಷೆ ಮಾಡಿದವರ ಸಹಿ. ಮುದ್ರಣವಾಗಿ ಬೇರೆ ಕೊಳವೆಗೆ ಸುತ್ತಿಕೊಂಡರೂ ಚೀಟಿ ರೋಲಿನ ಜೊತೆಯೇ ಹೋಗುತ್ತದೆ. ಮೊದಲು ಹೊರತುದಿಯಲ್ಲಿದ್ದ ನೀಲಿ ಗೆರೆ ಆಗ ಒಳಗಿನ ತುದಿಗೆ ಸರಿದು ಕೊಳವೆಯ ಹತ್ತಿರ ಉಳಿಯುತ್ತದೆ. ರೋಲು ಮುಗಿಯುವ ತನಕ ಅದನ್ನು ಯಾರೂ ನೋಡುವುದಿಲ್ಲ.

ಚೀಟಿಯ ಮೇಲೆ ಸಹಿ ನನ್ನದು. ನನಗೆ ಅದನ್ನು ಕಲಿಸಿದವರು ಅಕ್ಕ.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ನಮ್ಮ ಪರೀಕ್ಷೆಯ ಕೋಣೆಯ ಮೇಲ್ವಿಚಾರಕಿ. ಶಿವಮೊಗ್ಗದ ವಿದ್ಯಾನಗರದಲ್ಲಿ ಮನೆ, ಸಂಸ್ಕೃತ ಪಾಠ ಹೇಳುತ್ತಿದ್ದವರ ಮಗಳು, ಕೆಮಿಸ್ಟ್ರಿ ಓದಿದವರು. ನಾನು ಸೇರಿದ ಮೊದಲ ದಿನ ಪೆನ್ನನ್ನು ಕೈಗೆ ಕೊಟ್ಟು, "ಒಂದೇ ಮಾತು ನೆನಪಿಟ್ಕೋ. ಗೆರೆ ಎಳೀದೆ ಚೀಟಿ ಇಡಬೇಡ. ಸಾಕ್ಷಾತ್ ಯಜಮಾನ್ರೇ ಬಂದು ನಿಂತ್ರೂ ಇಡಬೇಡ" ಅಂದಿದ್ದರು. ಅವರು ಎಳೆಯುವ ಗೆರೆಯ ಕೊನೆಗೆ ಮೇಲಕ್ಕೊಂದು ಸಣ್ಣ ಕೊಂಡಿ ಇರುತ್ತಿತ್ತು. ದಿನಾ ರಂಗೋಲಿ ಹಾಕುವ ಕೈ. ಸಾವಿರ ಗೆರೆಗಳ ನಡುವೆ ಇಟ್ಟರೂ ಅಕ್ಕನ ಗೆರೆಯನ್ನು ನಾನು ಗುರುತಿಸುತ್ತೇನೆ.

ಹನ್ನೊಂದು ವರ್ಷ ಮಧ್ಯಾಹ್ನದ ಊಟ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಮಾಡಿದೆವು. ಅವರ ಮೊಸರನ್ನ, ಮಿಡಿ ಉಪ್ಪಿನಕಾಯಿ, ನನ್ನ ಅಕ್ಕಿರೊಟ್ಟಿ. ನನ್ನ ಡಬ್ಬಿಯಲ್ಲಿ ಮೊಟ್ಟೆ ಇದ್ದ ದಿನ ಅವರು ಒಂದು ಅಡಿ ಆಚೆ ಸರಿದು ಕೂರುತ್ತಿದ್ದರು, ಆದರೆ ಮಾತು ನಿಲ್ಲಿಸುತ್ತಿರಲಿಲ್ಲ. ನನಗೆ ಅದರಿಂದ ಬೇಜಾರಾದದ್ದಿಲ್ಲ. ಅವರ ಮಗಳ ಕಾಲೇಜು, ನನ್ನ ಗಂಡನ ಲಾರಿ ಸರ್ವಿಸು, ಎಲ್ಲ ಆ ಬೆಂಚಿನ ಮೇಲೆ ಬಂದು ಹೋಗಿವೆ. ನಮ್ಮಪ್ಪ ಹೋದಾಗ ಹದಿಮೂರು ದಿನವೂ ನನ್ನ ಕೆಲಸ ಅವರೇ ಮಾಡಿದ್ದರು. ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ಅವರು ಕೆಟ್ಟವರಾಗಿದ್ದರೆ ಈ ಬರಹದ ಅಗತ್ಯವೇ ಇರಲಿಲ್ಲ. ಕೆಟ್ಟವರ ಬಗ್ಗೆ ಬಸ್ಸಿನಲ್ಲಿ ಹತ್ತು ನಿಮಿಷ ಬೈದರೆ ಸಮಾಧಾನವಾಗುತ್ತದೆ.

ಮೂರು ವರ್ಷದ ಹಿಂದೆ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಆಗ ನಾವು ಭದ್ರಾವತಿಯ ನ್ಯೂ ಟೌನಿನ ಬಾಡಿಗೆ ಮನೆಯಲ್ಲಿದ್ದೆವು, ಈಗಲೂ ಅಲ್ಲೇ. ಗಂಡ ಲಾರಿ ಹತ್ತಿ ಹೋದರೆ ವಾರಕ್ಕೊಮ್ಮೆ ಬರುವವರು. ಹಗಲು ಅಮ್ಮನ ಹತ್ತಿರ ಕೂರಲು ಒಪ್ಪಿದವರು ಪಕ್ಕದ ಮನೆಯ ಆಂಟಿ. ಆಂಟಿಯ ಮನೆಮಾತು ತಮಿಳು, ಉಕ್ಕಿನ ಕಾರ್ಖಾನೆಯ ಕಾಲದಲ್ಲಿ ಬಂದ ಮನೆತನ. ಅವರಿಗೂ ಅವರ ಕೆಲಸವಿತ್ತು. ಬೀದಿಯ ಆರು ಜನ ಹೆಂಗಸರು ಸೇರಿ ಚಟ್ನಿಪುಡಿ ಮಾಡಿ ಮಾರುತ್ತಿದ್ದರು. ಸಂಜೆ ಆರಕ್ಕೆ ಎಲ್ಲರೂ ಸೇರಿ ಹುರಿಯಲು ಕೂರುತ್ತಿದ್ದರು. "ಆರು ಗಂಟೆ ತನಕ ನಾನ್ ನೋಡ್ಕೋತೀನಿ ಕಣಮ್ಮ, ಆಮೇಲೆ ನೀನು" ಅಂದರು ಆಂಟಿ. ನಾನು ಆರಕ್ಕೆ ಬಾಗಿಲಲ್ಲಿರುತ್ತೇನೆ ಎಂದು ಮಾತು ಕೊಟ್ಟೆ.

ಆರಕ್ಕೆ ಬಾಗಿಲಲ್ಲಿರಬೇಕಾದರೆ ಐದೂ ಹತ್ತರ ಬಸ್ಸು ಹತ್ತಬೇಕು. ಆದರೆ ಮರುದಿನದ ಮುದ್ರಣದ ರೋಲುಗಳು ಪರೀಕ್ಷೆಗೆ ಬರುತ್ತಿದ್ದುದೇ ಐದರ ಮೇಲೆ. ಮೊದಲ ವಾರ ನಾನು ಎರಡು ಸಲ ಬಸ್ಸಿನ ಹಿಂದೆ ಓಡಿ ಬಿದ್ದೆ. ಮಂಡಿ ತರಚಿದ್ದನ್ನು ನೋಡಿ ಅಕ್ಕ ಗದರಿದರು.

"ನೀ ಹೊರಡು ಮಾರಾಯ್ತಿ. ಆ ನಾಲ್ಕು ಗೆರೆ ಎಳೆಯೋದಕ್ಕೆ ನಾನಿಲ್ವಾ? ಚೀಟಿಗೆ ಸಹಿ ಮಾಡಿಟ್ಟು ಹೋಗು. ನಾನು ಗೆರೆ ಎಳೆದು, ತಾರೀಕು ಹಾಕಿ, ಒಳಗಿಡ್ತೀನಿ."

"ನೀವೇ ಸಹಿ ಮಾಡಿದ್ರೆ ಆಗಲ್ವಾ ಅಕ್ಕ?"

"ಮೇಲ್ವಿಚಾರಕರು ಸಹಿ ಮಾಡೋ ಹಾಗಿಲ್ಲ ಅಂತ ಯಜಮಾನ್ರ ರೂಲು. ಪರೀಕ್ಷೆ ಮಾಡೋರೇ ಬೇರೆ, ನೋಡೋರೇ ಬೇರೆ ಇರ್ಬೇಕಂತೆ. ನೀನು ಐದಕ್ಕೇ ಹೋಗ್ತೀಯ ಅಂತ ಗೊತ್ತಾದ್ರೆ ನಿನ್ನ ಕೆಲಸಕ್ಕೇ ಕುತ್ತು. ಸುಮ್ನಿರು."

ಅಂದಿನಿಂದ ಪ್ರತಿ ಸೋಮವಾರ ಬೆಳಗ್ಗೆ ನಾನು ಇಪ್ಪತ್ತು ಖಾಲಿ ಚೀಟಿಗೆ ಸಹಿ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ, ಅಕ್ಕನ ಡ್ರಾಯರಿನಲ್ಲಿ ಇಡುತ್ತಿದ್ದೆ. ಎರಡು ವರ್ಷ ಇಟ್ಟೆ. ಒಂದು ಸಲವೂ ಒಂದು ರೋಲೂ ವಾಪಸ್ಸು ಬರಲಿಲ್ಲ. ಕಾಲೇಜು ಮೆಟ್ಟಿಲು ಹತ್ತಿದವಳು, ಖಾಲಿ ಕಾಗದಕ್ಕೆ ಸಹಿ ಹಾಕಬಾರದೆಂದು ಗೊತ್ತಿಲ್ಲದವಳೇನಲ್ಲ. ಬೇರೆ ಯಾರು ಕೇಳಿದ್ದರೂ ಮುಖಕ್ಕೆ ಎಸೆಯುತ್ತಿದ್ದೆ. ಅಕ್ಕನ ಡ್ರಾಯರು ನನಗೆ ನಮ್ಮ ಮನೆಯ ಬೀರುವಿನಷ್ಟೇ ಭದ್ರವಾಗಿ ಕಂಡಿತ್ತು.

ಕಳೆದ ವರ್ಷ ಆಂಟಿಯವರ ಗುಂಪು ಒಂದು ಪುಟ್ಟ ಪ್ಯಾಕಿಂಗ್ ಮೆಷಿನ್ ತಂದಿತು. ಅದಕ್ಕೆ ಮುದ್ರಿಸಿದ ಪ್ಲಾಸ್ಟಿಕ್ ರೋಲು ಬೇಕಿತ್ತು. "ನಿಮ್ಮಲ್ಲೇ ಮಾಡಿಸೋಣ ಕಣಮ್ಮ, ನೀನಿದ್ದೀಯಲ್ಲ" ಅಂದರು ಆಂಟಿ. ನಾನೇ ಮುಂದೆ ನಿಂತು ಬಣ್ಣ ಆರಿಸಿಕೊಟ್ಟೆ. ಹಳದಿ ಹಿನ್ನೆಲೆ, ಕೆಂಪು ಮೆಣಸಿನಕಾಯಿ, ಕೆಳಗೆ ಆ ಗುಂಪಿನ ಹೆಸರು. ಮೂರು ರೋಲು ಹೋದವು. ಮೊದಲ ಪೊಟ್ಟಣ ಬಂದ ದಿನ ಆಂಟಿ ಅದನ್ನು ಅಮ್ಮನ ಕೈಯಲ್ಲಿಟ್ಟು ತೋರಿಸಿದರು. ಅಮ್ಮನಿಗೆ ಮಾತು ಹೊರಡುತ್ತಿರಲಿಲ್ಲ. ಪೊಟ್ಟಣವನ್ನು ಬಲಗೈಯಲ್ಲಿ ಹಿಡಿದುಕೊಂಡೇ ಮಲಗಿದರು.

ಎದ್ದಾಗ ಅವರ ಅಂಗೈ ಕೆಂಪಾಗಿತ್ತು. ನಾನು ಮೊದಲು ರಕ್ತವೆಂದು ಹೆದರಿದೆ. ಆಮೇಲೆ ನೋಡಿದರೆ ಮೆಣಸಿನಕಾಯಿ.

ಪೊಟ್ಟಣ ತೆಗೆದುಕೊಂಡು ಉಗುರಿನಿಂದ ಒಂದು ಗೀಚು ಗೀಚಿದೆ. ಹಳದಿ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಹನ್ನೊಂದು ವರ್ಷದಲ್ಲಿ ನಾನು ಪಾಸು ಮಾಡಿದ ಫಿಲ್ಮು ಹಾಗೆ ಸಿಪ್ಪೆ ಬಿಟ್ಟಿರಲಿಲ್ಲ. ಒಂದೇ ವಾರದಲ್ಲಿ ಅಂಗಡಿಗಳಿಂದ ಪೊಟ್ಟಣಗಳು ವಾಪಸ್ಸು ಬರತೊಡಗಿದವು. ಕೈಗೆ ಬಣ್ಣ ಹತ್ತುತ್ತೆ, ತಾರೀಕು ಅಳಿಸಿ ಹೋಗಿದೆ, ಇದನ್ನು ಯಾರು ತಿನ್ನುತ್ತಾರೆ ಎಂದು. ಆಂಟಿಯವರು ಮೂರು ರೋಲುಗಳಲ್ಲಿ ಉಳಿದದ್ದನ್ನು ಆಟೋದಲ್ಲಿ ಹಾಕಿಕೊಂಡು ನಮ್ಮ ಯುನಿಟ್ಟಿಗೇ ಬಂದರು.

ಯಜಮಾನರ ಕೋಣೆಗೆ ನನ್ನನ್ನೂ ಅಕ್ಕನನ್ನೂ ಕರೆದರು. ಆಂಟಿ ಒಂದು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಯಜಮಾನರು ಕೂಗಾಡುವ ಜನವಲ್ಲ. ಒಂದು ರೋಲಿನ ಕೊಳವೆಯಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಮೂರರಲ್ಲೂ ನನ್ನ ಸಹಿ.

"ಇದು ನಿಮ್ದೇ ಅಲ್ವಾಮ್ಮ?"

"ನಂದೇ ಸಾರ್."

ಅವರು ಒಂದು ರೋಲನ್ನು ನೆಲದ ಮೇಲೆ ಉರುಳಿಸಿ, ಫಿಲ್ಮನ್ನೆಲ್ಲ ಬಿಚ್ಚಿ, ಕೊಳವೆಗೆ ಅಂಟಿದ ಕೊನೆಯ ಗೇಣನ್ನು ಬೆಳಕಿಗೆ ಹಿಡಿದರು. ನೀಲಿ ಗೆರೆ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದನ್ನು ನಾನೇ ಕಸಿದುಕೊಂಡು ಬಿಚ್ಚಿದೆ. ಅದರಲ್ಲೂ ಇರಲಿಲ್ಲ.

ಆಗ ನನಗೆ ಎಲ್ಲ ಅರ್ಥವಾಯಿತು. ಚೀಟಿಯ ಮೇಲಿನ ತಾರೀಕು ಅಕ್ಕನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದ ದಿನದ್ದು. ಆ ಸಂಬಂಧ ತಂದವರು ಈ ಯಜಮಾನರೇ, ಹುಡುಗ ಅವರ ತಂಗಿಯ ಮಗ. ಅವತ್ತು ಬೆಳಗ್ಗಿನಿಂದ ಅಕ್ಕನ ಕಾಲು ನೆಲದ ಮೇಲಿರಲಿಲ್ಲ. "ನಾಲ್ಕೂವರೆಗೇ ಬರ್ತಾರಂತೆ, ಕೇಸರಿಬಾತಿಗೆ ತುಪ್ಪ ಸಾಲತ್ತೋ ಇಲ್ವೋ" ಎಂದು ನನ್ನ ಹತ್ತಿರ ಹತ್ತು ಸಲ ಹೇಳಿದ್ದರು. ನಾನು ಐದಕ್ಕೆ ಹೊರಡುವ ಮುಂಚೆಯೇ ಅವರು ಹೊರಟಿದ್ದರು. ಬಂದವರನ್ನು ಕಳಿಸಿ ವಾಪಸ್ಸು ಬಂದು ಗೆರೆ ಎಳೆಯುತ್ತಾರೆ ಎಂದುಕೊಂಡೇ ನಾನು ಬಸ್ಸು ಹತ್ತಿದ್ದೆ. ರೋಲುಗಳು ಗೋಡೌನಿನಿಂದ ಬರುವ ಮೊದಲೇ, ಮುದ್ರಣವಾದ ಮೇಲೆ ಸುತ್ತಿಕೊಳ್ಳಲು ಆ ರೋಲುಗಳ ನಂಬರು ಬರೆದಿಟ್ಟ ಖಾಲಿ ಕೊಳವೆಗಳಲ್ಲಿ ನನ್ನ ಚೀಟಿ ತುರುಕಿಟ್ಟು ಹೋಗಿರಬೇಕು. ಮುದ್ರಣದವರಿಗೆ ಚೀಟಿ ಕಂಡರೆ ಸಾಕು. ಮಳೆಗಾಲವೆಲ್ಲ ಗೋಡೌನಿನಲ್ಲಿ ಬಿದ್ದು ಗುಣ ಕಳೆದುಕೊಂಡಿದ್ದ ಫಿಲ್ಮು ಹಾಗೆಯೇ ಮೆಷಿನ್ನಿಗೆ ಹೋಗಿದೆ.

ನಾನು ಅಕ್ಕನ ಮುಖ ನೋಡಿದೆ. ಅವರು ನೋಡಿದರು. ಗೆರೆ ಇಲ್ಲದ್ದನ್ನು ನಾನು ನೋಡಿದ್ದೇನೆ ಎಂದು ಅವರಿಗೆ ಗೊತ್ತಾಯಿತು. ಅವರಿಗೆ ಗೊತ್ತಾದದ್ದು ನನಗೂ ಗೊತ್ತಾಯಿತು. ಒಂದು ಮಾತು ಸಾಕಿತ್ತು. 'ಅವಳು ಇರಲಿಲ್ಲ ಸಾರ್, ಚೀಟಿ ಇಟ್ಟವಳು ನಾನು.' ನಾನೇ ಬಾಯಿ ಬಿಟ್ಟು ಹೇಳಬಹುದಿತ್ತು ನಿಜ. ಆದರೆ ನಾನು ಹೇಳಿದರೆ ಅದು ದೂರು, ಅವರು ಹೇಳಿದರೆ ಅದು ನಿಜ. ಕಾದೆ.

ಯಜಮಾನರು ಅಕ್ಕನ ಕಡೆ ತಿರುಗಿ, "ನಿಮ್ಮ ಕೈಕೆಳಗಿನವರು. ನೀವೇನು ಹೇಳ್ತೀರಿ?" ಅಂದರು.

ಅಕ್ಕ ಸೆರಗು ಸರಿಮಾಡಿಕೊಂಡರು. "ಸೇರಿದ ದಿನವೇ ಹೇಳಿಕೊಟ್ಟಿದ್ದೆ ಸಾರ್. ಗೆರೆ ಎಳೀದೆ ಚೀಟಿ ಇಡಬೇಡ ಅಂತ."

ಅದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಂತೆ ಅವರು ತಮ್ಮನ್ನು ತಾವು ತೆಗೆದುಕೊಂಡರು. ಆಂಟಿ ಎದ್ದು ನಿಂತರು. ನನ್ನನ್ನು ನೋಡಿ, "ನಿನ್ ನಂಬಿ ತಾನೇ ಬಂದ್ವಿ" ಅಂದರು. ಅಷ್ಟೇ ಅಂದದ್ದು.

ಯಜಮಾನರು ರೋಲುಗಳನ್ನು ಬೇರೆ ಮಾಡಿಕೊಡುತ್ತೇವೆ ಎಂದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. "ನಾಳೆಯಿಂದ ಕಟಿಂಗ್ ಸೆಕ್ಷನ್ನಿಗೆ ಹೋಗಿ. ಚೀಟಿ ಗೀಟಿ ಮುಟ್ಟಬೇಡಿ" ಅಂದರು. ಮುದ್ರಿಸಿದ ರೋಲನ್ನು ಬಿಚ್ಚಿ ಪೊಟ್ಟಣಗಳಾಗಿ ಕತ್ತರಿಸುವ ಕೆಲಸ. ಅಲ್ಲಿ ಯಾರ ಸಹಿಯೂ ಬೇಕಿಲ್ಲ. ನನ್ನ ಜಾಗಕ್ಕೆ ಹೊಸಬಳೊಬ್ಬಳು ಬಂದಳು.

ಅವತ್ತು ಸಂಜೆ ಮನೆಗೆ ಹೋಗುವಾಗ, ಆಂಟಿ ಇನ್ನು ಬರಲಾರರು ಎಂದುಕೊಂಡಿದ್ದೆ. ಅವರು ಮರುದಿನ ಬೆಳಗ್ಗೆ ಎಂದಿನಂತೆ ಬಂದು ಅಮ್ಮನ ಪಕ್ಕ ಕೂತರು. ಬರುವುದನ್ನು ನಿಲ್ಲಿಸಲಿಲ್ಲ, ನನ್ನ ಜೊತೆ ಮಾತು ನಿಲ್ಲಿಸಿದರು. ನಾನು ಬಾಗಿಲಿಗೆ ಬಂದ ತಕ್ಷಣ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಚಪ್ಪಲಿಯ ಸದ್ದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಅಕ್ಕ ಮೂರು ವಾರ ನನ್ನ ಕಡೆ ಸುಳಿಯಲಿಲ್ಲ. ನಾಲ್ಕನೆಯ ಭಾನುವಾರ ಭದ್ರಾವತಿಗೇ ಬಂದರು, ನಮ್ಮ ಮನೆಗೆ, ರೇಷ್ಮೆ ಸೀರೆಯಲ್ಲಿ. ಕೈಯಲ್ಲಿ ಅರಿಶಿನ ಕುಂಕುಮದ ಭರಣಿ, ಲಗ್ನಪತ್ರಿಕೆ. ಮಗಳ ಮದುವೆ ಗೊತ್ತಾಗಿತ್ತು. ಅಮ್ಮನ ಹಣೆಗೆ ಅಕ್ಷತೆ ಮುಟ್ಟಿಸಿದರು, ನನ್ನ ಕೈಹಿಡಿದು ಕುಂಕುಮ ಇಟ್ಟರು. ಆಮೇಲೆ ಅಡುಗೆಮನೆಗೆ ನನ್ನ ಹಿಂದೆಯೇ ಬಂದು ಅಳತೊಡಗಿದರು.

"ಅವತ್ತು ನನ್ನ ಬಾಯೇ ಬರ್ಲಿಲ್ಲ ಕಣೇ. ಹುಡುಗನ ಸೋದರಮಾವ ಎದುರಿಗೆ ಕೂತಿದ್ದಾರೆ, ಹುಡುಗಿ ತಾಯಿ ಹಿಂಗೆ ಅಂತ ಗೊತ್ತಾದ್ರೆ... ಮದುವೆ ಒಂದು ಮುಗೀಲಿ. ನಾನೇ ಹೋಗಿ ಹೇಳ್ತೀನಿ. ನಿನ್ನ ಟೇಬಲ್ಲು ನಿಂಗೇ ವಾಪಸ್ಸು ಕೊಡಿಸ್ತೀನಿ. ನನ್ನ ಮೇಲೆ ನಂಬಿಕೆ ಇಲ್ವಾ?"

ನಾನು ಕಾಫಿ ಬಸಿಯುತ್ತಿದ್ದೆ. ನಂಬಿಕೆ ಇಲ್ಲವೆಂದು ಹೇಳಬೇಕಿತ್ತು. "ಹೂಂ ಅಕ್ಕ" ಅಂದೆ. ನನ್ನ ಈ ಹಾಳು ಬಾಯಿ ಊರಿಗೆಲ್ಲ ಖಾರ, ಅವರೆದುರು ಮಾತ್ರ ಬೆಲ್ಲ. ಅವರು ಕಣ್ಣೊರೆಸಿಕೊಂಡು, ಕಾಫಿ ಕುಡಿದು, ಮುಂದಿನ ಮನೆಗೆ ಕರೆಯಲು ಹೋದರು. ನಾನು ಮದುವೆಯ ದಿನ ಎಣಿಸುತ್ತ ಕೂತೆ, ನನ್ನ ಮಗಳ ಮದುವೆಯೇ ಏನೋ ಎಂಬಂತೆ.

ಮದುವೆಗೆ ಹನ್ನೆರಡು ದಿನವಿರುವಾಗ ಕಟಿಂಗ್ ಮೆಷಿನ್ನಿಗೆ ಒಂದು ರೋಲು ಬಂತು. ಮದುವೆಗೆ ಬಂದವರಿಗೆ ತಾಂಬೂಲದ ಜೊತೆ ಕೊಡುವ ಲಾಡು ಚಕ್ಕುಲಿಯ ಪೊಟ್ಟಣ. ಗಣಪತಿಯ ಚಿತ್ರ, ಕೆಳಗೆ ಹುಡುಗ ಹುಡುಗಿಯ ಹೆಸರು, ಬಂಗಾರದ ಬಣ್ಣದಲ್ಲಿ. ಯಜಮಾನರು ತಮ್ಮ ಖರ್ಚಿನಲ್ಲೇ ಮಾಡಿಸಿಕೊಡುತ್ತಿದ್ದರು. ನಾನು ಬೆಳಗ್ಗೆಯೆಲ್ಲ ಅದನ್ನೇ ಕತ್ತರಿಸಿದೆ. ಬಣ್ಣ ಚೆನ್ನಾಗಿ ಬಂದಿತ್ತು. ಅಭ್ಯಾಸಬಲದಿಂದ ಒಂದು ಪೊಟ್ಟಣಕ್ಕೆ ಅಂಟುಪಟ್ಟಿ ಹಚ್ಚಿ ಸರ್ರನೆ ಎಳೆದೆ. ಪಟ್ಟಿಗೆ ಒಂದು ಚುಕ್ಕಿಯೂ ಹತ್ತಲಿಲ್ಲ.

ರೋಲು ಮುಗಿಯುತ್ತ ಬಂದು ಕೊಳವೆಯ ಹತ್ತಿರದ ಕೊನೆಯ ಗೇಣು ಕೈಗೆ ಬಂತು. ಅದರ ಮೇಲೆ ನೀಲಿ ಗೆರೆ. ಒಂದಲ್ಲ. ಎಡಕ್ಕೊಂದು, ನಡುವೆ ಒಂದು, ಬಲಕ್ಕೊಂದು. ಮೂರಕ್ಕೂ ಕೊನೆಯಲ್ಲಿ ಮೇಲೆದ್ದ ಸಣ್ಣ ಕೊಂಡಿ. ಕೊಳವೆಯಿಂದ ಚೀಟಿ ಎಳೆದು ನೋಡಿದೆ. ನನ್ನ ಜಾಗಕ್ಕೆ ಬಂದವಳ ಸಹಿ ಇರಬೇಕಿತ್ತು. ಇದ್ದದ್ದು ಅಕ್ಕನ ಸಹಿ, ಪೂರ್ತಿ ಹೆಸರಿನ ಜೊತೆ. ಮೇಲ್ವಿಚಾರಕರು ಸಹಿ ಮಾಡುವ ಹಾಗಿಲ್ಲ ಎಂಬ ರೂಲು ಅವತ್ತು ಎಲ್ಲಿಗೆ ಹೋಗಿತ್ತೋ.

ಆ ಗೇಣುದ್ದದ ಫಿಲ್ಮನ್ನು ಕತ್ತರಿಸಿಕೊಂಡು ಊಟದ ಹೊತ್ತಿಗೆ ಹಳೆಯ ಬೆಂಚಿಗೆ ಹೋದೆ. ಅಕ್ಕ ಒಬ್ಬರೇ ಕೂತು ಮೊಸರನ್ನ ಕಲೆಸುತ್ತಿದ್ದರು. ಫಿಲ್ಮನ್ನು ಅವರ ಡಬ್ಬಿಯ ಪಕ್ಕ ಹಾಸಿದೆ.

"ಮೂರು ಗೆರೆ ಎಳೆದಿದ್ದೀರಿ ಅಕ್ಕ."

ಅವರು ನೋಡಿದರು. ಮುಖದಲ್ಲಿ ನಾಚಿಕೆಯಿಲ್ಲ, ಗಾಬರಿಯೂ ಇಲ್ಲ. ಕೆಲಸದ ಮಾತಾಡುವ ಹಾಗೆ ಅಂದರು: "ಹೂಂ ಮಾರಾಯ್ತಿ. ಬೀಗರ ಕೈಗೆ ಹೋಗೋದಲ್ವಾ? ಬಣ್ಣ ಕೈಗೆ ಹತ್ತಿದ್ರೆ ಏನಂದ್ಕೋತಾರೆ?"

ನಮ್ಮಮ್ಮನ ಕೆಂಪು ಅಂಗೈ ಕಣ್ಣ ಮುಂದೆ ಬಂತು. ಅಲ್ಲಿಯವರೆಗೆ ನಾನು ಅವರಿಗೆ ಎಷ್ಟು ನೆಪಗಳನ್ನು ನಾನೇ ಹುಡುಕಿಕೊಟ್ಟಿದ್ದೆ. ಅವಸರ, ಮಗಳ ಮದುವೆ, ಹೆಣ್ಣು ಹೆತ್ತವರ ಕಷ್ಟ. ಆ ಒಂದು ಮಾತಿನಲ್ಲಿ ಎಲ್ಲ ಉದುರಿ ಹೋದವು. ಯಾರ ಕೈಗೆ ಬಣ್ಣ ಹತ್ತಬಾರದು, ಯಾರ ಕೈಗೆ ಹತ್ತಿದರೆ ನಡೆಯುತ್ತದೆ ಎಂದು ಅವರಿಗೆ ಯಾವತ್ತೂ ಗೊತ್ತಿತ್ತು. ಇವರು ಮದುವೆಯಾದ ಮೇಲೆಯೂ ಹೇಳುವುದಿಲ್ಲ, ಮೊಮ್ಮಗು ಹುಟ್ಟಿದ ಮೇಲೆಯೂ ಹೇಳುವುದಿಲ್ಲ ಎಂದು ನನಗೆ ಆ ಕ್ಷಣ ಖಚಿತವಾಯಿತು.

"ನನ್ನ ಉಳಿದ ಚೀಟಿ ಕೊಡಿ" ಅಂದೆ.

ಅವರು ಎಡಗೈಯಲ್ಲೇ ಡ್ರಾಯರಿನ ಕೀಲಿ ಕೊಟ್ಟರು. ನಾನೇ ಹೋಗಿ ತೆಗೆದುಕೊಂಡೆ. ರಬ್ಬರ್ ಬ್ಯಾಂಡಿನಲ್ಲಿ ಒಂಬತ್ತು ಚೀಟಿ, ಒಂಬತ್ತಕ್ಕೂ ನನ್ನ ಸಹಿ, ತಾರೀಕು ಒಂದಕ್ಕೂ ಇಲ್ಲ. ಕೀಲಿ ವಾಪಸ್ಸು ಕೊಟ್ಟು ನೇರ ಯಜಮಾನರ ಕೋಣೆಗೆ ಹೋದೆ.

ಅವರು ಫೋನು ಮುಗಿಸುವ ತನಕ ನಿಂತಿದ್ದೆ. ಆಮೇಲೆ ಒಂಬತ್ತು ಚೀಟಿಯನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. "ಎರಡು ವರ್ಷ ನಾನು ಖಾಲಿ ಚೀಟಿಗೆ ಸಹಿ ಮಾಡಿ ಕೊಟ್ಟಿದ್ದೀನಿ ಸಾರ್. ಐದೂ ಹತ್ತರ ಬಸ್ಸಿಗೆ ಹೋಗೋದಕ್ಕೆ. ಅದು ನನ್ನ ತಪ್ಪು, ಅದಕ್ಕೆ ಏನು ಶಿಕ್ಷೆ ಬೇಕಾದ್ರೂ ಕೊಡಿ. ಆ ಮೂರು ರೋಲಿಗೆ ಚೀಟಿ ಇಟ್ಟವಳು ನಾನಲ್ಲ."

"ಮತ್ಯಾರು?"

"ಚೀಟಿ ಇದ್ದದ್ದು ಅಕ್ಕನ ಡ್ರಾಯರಲ್ಲಿ."

ಅಕ್ಕನನ್ನು ಕರೆಸಿದರು. ಕೈ ತೊಳೆದು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಂದರು. ಯಜಮಾನರು ಚೀಟಿಗಳನ್ನು ತೋರಿಸಿದರು. ನನಗೆ ಆಗಲೂ, ಆ ಘಳಿಗೆಯಲ್ಲೂ, ಒಂದು ಸಣ್ಣ ಆಸೆಯಿತ್ತು. ಹತ್ತು ನಿಮಿಷದ ಹಿಂದೆ ಅವರೇ ಕೀಲಿ ಕೊಟ್ಟಿದ್ದರಲ್ಲ.

ಅಕ್ಕ ಚೀಟಿಗಳ ಮೇಲೆ ಬಾಗಿ ನೋಡಿದರು. "ನಂಗೇನು ಗೊತ್ತು ಸಾರ್? ಸಹಿ ಅವಳದ್ದು. ಮನೇಲಿ ಕೂತು ಈಗ ಬರ್ಕೊಂಡು ಬಂದ್ರೂ ಬಂದಿರ್ಬಹುದು" ಅಂದರು. ಆಮೇಲೆ ನನ್ನ ಕಡೆ ನೋಡುತ್ತ, ಮಗುವಿನ ಬಗ್ಗೆ ಹೇಳುವ ಹಾಗೆ, "ತಾಯಿ ಕಾಯಿಲೆ ಇವಳಿಗೆ ತಲೆಗೆ ಹತ್ತಿದೆ ಸಾರ್, ಪಾಪ" ಅಂದರು.

ಆ 'ಪಾಪ' ಎಂಬುದನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಅವರ ಹಲ್ಲಿನ ಸಂದಿನಲ್ಲಿ ಉಪ್ಪಿನಕಾಯಿಯ ಚೂರು ಸಿಕ್ಕಿಕೊಂಡಿತ್ತು. ಅದನ್ನೇ ನೋಡುತ್ತ ನಿಂತೆ. ಯಜಮಾನರು ಇಬ್ಬರನ್ನೂ ನೋಡಿದರು. ಅವರಿಗೆ ನಿಜ ಯಾವುದೆಂದು ತಿಳಿಯದೆ ಇರಲಿಲ್ಲ ಎಂದು ನನ್ನ ಅನುಮಾನ. ತಿಳಿದು ಅವರೇನು ಮಾಡಬೇಕು, ಹನ್ನೆರಡು ದಿನದಲ್ಲಿ ಬೀಗರು. ಚೀಟಿಗಳನ್ನು ಒಟ್ಟುಗೂಡಿಸಿ ನನ್ನ ಕೈಗೇ ಕೊಟ್ಟು, "ಹೋಗಿ ಕೆಲಸ ನೋಡಿಕೊಳ್ಳಿ" ಅಂದರು.

ಐದೂ ಹತ್ತರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಳು ಬರಲಿಲ್ಲ. ಅಳುವುದಕ್ಕೂ ಒಬ್ಬರು ಬೇಕು, ಹನ್ನೊಂದು ವರ್ಷ ನನಗೆ ಅದಕ್ಕೆ ಇದ್ದವರು ಅವರೇ. ಚೀಟಿಗಳನ್ನು ಒಂದೊಂದಾಗಿ ಹರಿದು ಪರ್ಸಿಗೆ ಹಾಕಿಕೊಂಡೆ. ಒಂದನ್ನು ಮಾತ್ರ ಹಾಗೇ ಉಳಿಸಿಕೊಂಡೆ.

ಆರಕ್ಕೆ ಸರಿಯಾಗಿ ಬಾಗಿಲಿಗೆ ಬಂದೆ. ಆಂಟಿ ಎದ್ದು ಚಪ್ಪಲಿ ಹುಡುಕತೊಡಗಿದರು. ನಾನು ಬಾಗಿಲಿಗೆ ಅಡ್ಡ ನಿಂತೆ. "ಒಂದು ಐದು ನಿಮಿಷ ಕೂತ್ಕೊಳಿ ಆಂಟಿ. ಆಮೇಲೆ ಯಾವತ್ತೂ ಮಾತಾಡದಿದ್ರೂ ಪರವಾಗಿಲ್ಲ" ಅಂದೆ. ಅವರು ಅಮ್ಮನ ಮಂಚದ ತುದಿಯಲ್ಲಿ ಕೂತರು. ಉಳಿಸಿಕೊಂಡಿದ್ದ ಚೀಟಿಯನ್ನು ಅವರ ಕೈಯಲ್ಲಿಟ್ಟು, ಮೊದಲಿನಿಂದ ಕೊನೆತನಕ ಎಲ್ಲ ಹೇಳಿದೆ. ಗೆರೆ, ಚೀಟಿ, ಡ್ರಾಯರು, ಮೂರು ಗೆರೆ ಎಳೆದ ಮದುವೆಯ ರೋಲು, ಇವತ್ತಿನ 'ಪಾಪ'. ಅಮ್ಮ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದರು.

ಆಂಟಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಎಷ್ಟೋ ವಾರಗಳ ನಂತರ ಮೊದಲ ಸಲ ನನ್ನ ಜೊತೆ ಮಾತಾಡಿದರು.

"ಖಾಲಿ ಚೀಟಿಗೆ ಯಾಕ್ ಕಣಮ್ಮ ಸಹಿ ಮಾಡ್ದೆ? ಓದಿದವಳು ನೀನು."

"ಇಲ್ದಿದ್ರೆ ಐದೂ ಹತ್ತರ ಬಸ್ಸು ಸಿಗ್ತಿರ್ಲಿಲ್ಲ ಆಂಟಿ. ನಿಮ್ಮನ್ನ ಆರಕ್ಕೆ ಕಳಿಸ್ಬೇಕಿತ್ತಲ್ಲ."

ಅವರು ನನ್ನನ್ನೇ ನೋಡಿದರು. ಹೊರಗೆ ಅವರ ಗುಂಪಿನ ಯಾರೋ ಹೆಸರು ಹಿಡಿದು ಕೂಗುತ್ತಿದ್ದರು, ಒಲೆ ಹಚ್ಚಿಯಾಗಿತ್ತೆಂದು ಕಾಣುತ್ತದೆ. ಆಂಟಿ ಓಗೊಡಲಿಲ್ಲ.

"ಏಳ್ ಗಂಟೆ ತನಕ ಕೂತ್ಕೋ ಅಂದಿದ್ರೆ ಕೂತ್ಕೊಂತಿದ್ನಲ್ಲೇ" ಅಂದರು. "ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"